ನಾಲ್ಕು ವಾರಕ್ಕೊಂದು ಗುರುವಾರ

ಆ ವಿಮಾನ ಕಂಪನಿಯ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಪೈಲಟ್‌ಗಳಿಗೆ ಅವಳು ನಕ್ಷೆಯಮ್ಮ. ಕಸ ಗುಡಿಸುವಾಕೆಗೂ ನಕ್ಷೆಯಮ್ಮ, ಗೇಟಿನ ಕಾವಲುಗಾರನಿಗೂ ನಕ್ಷೆಯಮ್ಮ. ಒಮ್ಮೆ ಹೊಸದಾಗಿ ಬಂದ ಅಂಚೆಯವನು ಅವಳ ನಿಜವಾದ ಹೆಸರನ್ನು ಕೂಗಿದಾಗ, ಅವಳೇ ತಲೆಯೆತ್ತದೆ, "ಅಂಥವರು ಇಲ್ಲಿ ಯಾರೂ ಇಲ್ಲಪ್ಪ" ಎಂದುಬಿಟ್ಟಿದ್ದಳು. ಇದನ್ನು ಎಲ್ಲರಿಗೂ ನಗುತ್ತಲೇ ಹೇಳುತ್ತಿದ್ದಳು. ಹೇಳಿ ಮುಗಿಸಿದ ಮೇಲೆ ಆ ನಗು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಅವಳ ಕೆಲಸ ಕೇಳುವುದಕ್ಕೆ ದೊಡ್ಡದು, ನೋಡುವುದಕ್ಕೆ ಚಿಕ್ಕದು. ವಿಮಾನ ಹಾರಿಸುವವರಿಗೆ ನಕ್ಷೆಗಳು ಬೇಕು. ಯಾವ ನಿಲ್ದಾಣಕ್ಕೆ ಯಾವ ದಿಕ್ಕಿನಿಂದ ಇಳಿಯಬೇಕು, ಎಷ್ಟು ಎತ್ತರದಲ್ಲಿ ತಿರುಗಬೇಕು, ರನ್‌ವೇ ಪಕ್ಕದಲ್ಲಿ ಯಾರು ಹೊಸದಾಗಿ ಎತ್ತರದ ಕಟ್ಟಡ ಎಬ್ಬಿಸಿದ್ದಾರೆ, ಎಲ್ಲವೂ ಅದರಲ್ಲಿರುತ್ತದೆ. ಈ ನಕ್ಷೆಗಳು ಇಪ್ಪತ್ತೆಂಟು ದಿನಕ್ಕೊಮ್ಮೆ ಹಳತಾಗುತ್ತವೆ. ಲೋಕದಲ್ಲೆಲ್ಲ ಒಂದೇ ದಿನ, ಅದೂ ಗುರುವಾರವೇ. ಆ ಗುರುವಾರ ಬೆಳಗಾಗುವಷ್ಟರಲ್ಲಿ ಕಾಕ್‌ಪಿಟ್‌ನಲ್ಲಿ ಹೊಸ ನಕ್ಷೆ ಇರಲೇಬೇಕು. ಇಲ್ಲದಿದ್ದರೆ ಒಳಗೆ ಮಂತ್ರಿಯೇ ಕೂತಿರಲಿ, ವಿಮಾನ ಕದಲುವಂತಿಲ್ಲ. ವರ್ಷಕ್ಕೆ ಇಂಥ ಹದಿಮೂರು ಗುರುವಾರ. ನಕ್ಷೆಯಮ್ಮ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ. ಇಷ್ಟು ವರ್ಷಗಳಲ್ಲಿ ಅವಳು ಒಂದು ಗುರುವಾರವನ್ನೂ ತಪ್ಪಿಸಿದವಳಲ್ಲ. ಅಂದಹಾಗೆ, ಅವಳು ವಿಮಾನ ಹತ್ತಿದ್ದು ಎರಡೇ ಸಲ, ಎರಡು ಸಲವೂ ಕಿಟಕಿ ಪಕ್ಕದ ಸೀಟು ಸಿಗಲಿಲ್ಲ.

ಮೊದಲ ಹನ್ನೊಂದು ವರ್ಷ ಅದು ಕಾಗದದ ಕೆಲಸವಾಗಿತ್ತು. ಇಟ್ಟಿಗೆ ದಪ್ಪದ ಫೈಲುಗಳು, ಈರುಳ್ಳಿ ಸಿಪ್ಪೆಯಂಥ ಹಾಳೆಗಳು. ಹಳೆಯದನ್ನು ಬಿಚ್ಚಿ ತೆಗೆ, ಹೊಸದನ್ನು ಸೇರಿಸು, ಫೈಲಿನ ಉಂಗುರ ಮುಚ್ಚು, ಮುಂದಿನದಕ್ಕೆ ಹೋಗು. ಅವಳ ಗಂಡ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ. "ನನ್ನದೂ ಬಿಚ್ಚಿ ಸೇರಿಸೋ ಕೆಲಸ, ನಿನ್ನದೂ ಬಿಚ್ಚಿ ಸೇರಿಸೋ ಕೆಲಸ. ಆದ್ರೆ ನನ್ನ ಗಿರಾಕಿ ಒಂದು ದಿನ ಕಾಯ್ತಾನೆ ಕಣೇ" ಎಂದು ಅವನು ಛೇಡಿಸುತ್ತಿದ್ದ. ಛೇಡಿಸಿದರೂ ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದವನು ಅವನೇ, ಶಾಲೆಯ ನಾಟಕದಲ್ಲಿ ಮಗಳು ಸೇನಾಪತಿಯಾದಾಗ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವನೂ ಅವನೇ. ಅವತ್ತು ಗುರುವಾರ. ನಕ್ಷೆಯಮ್ಮನ ತಾಯಿ ಹೋದದ್ದು ಬುಧವಾರ ಮಧ್ಯಾಹ್ನ. ಸುದ್ದಿ ಬಂದಾಗ ಇನ್ನೂ ಒಂಬತ್ತು ಫೈಲು ಬಾಕಿಯಿದ್ದವು. ಮುಗಿಸಿ ಹೊರಟಳು. ಅವಳು ತಲುಪುವಷ್ಟರಲ್ಲಿ ಮಸಣಕ್ಕೆ ಹೋದ ಜನ ವಾಪಸು ಬರುತ್ತಿದ್ದರು. ಅಣ್ಣ ಅವಳನ್ನು ದಾಟಿಕೊಂಡು ಬಾವಿಕಟ್ಟೆಗೆ ಸ್ನಾನಕ್ಕೆ ಹೋದ.

ಎಂಟು ವರ್ಷದ ಹಿಂದೆ ಕಾಗದ ಹೋಗಿ ಟ್ಯಾಬ್ಲೆಟ್ ಬಂತು. ಪ್ರತಿ ಪೈಲಟ್‌ಗೆ ಒಂದೊಂದು. ಇನ್ನು ಮುಂದೆ ಅವರವರೇ ಡೌನ್‌ಲೋಡ್ ಮಾಡಿಕೊಳ್ಳಬೇಕು, ಒಂದೊಂದೇ ನಿಲ್ದಾಣದ ನಕ್ಷೆ ತೆರೆದು ಕೆಳಗಿನ ತಾರೀಖು ನೋಡಬೇಕು, "ನಾನೇ ಇಳಿಸಿಕೊಂಡು ಪರಿಶೀಲಿಸಿದ್ದೇನೆ" ಎಂಬ ಹಾಳೆಗೆ ಸಹಿ ಹಾಕಬೇಕು. ನಕ್ಷೆಯಮ್ಮ ಸಹಿಯ ಹಾಳೆ ಜೋಡಿಸಿಟ್ಟರೆ ಸಾಕು. ಅವಳು ಆವತ್ತು ಮನೆಗೆ ಬಂದು, "ರೀ, ನನಗೆ ಬಿಡುಗಡೆ ಆಯ್ತು" ಎಂದಿದ್ದಳು.

ಎಲ್ಲಿಯ ಬಿಡುಗಡೆ! ಮೊದಲ ಗುರುವಾರವೇ ಮೂರು ವಿಮಾನ ತಡವಾದವು. ಒಬ್ಬರು ಮರೆತಿದ್ದರು, ಒಬ್ಬರ ಡೌನ್‌ಲೋಡ್ ಅರ್ಧಕ್ಕೆ ನಿಂತಿತ್ತು, ಇನ್ನೊಬ್ಬರು ಬೇರೆ ಖಂಡದ ನಕ್ಷೆಯನ್ನು ಇಳಿಸಿಕೊಂಡು ಕೂತಿದ್ದರು. ಮ್ಯಾನೇಜರು ಹಾರಾಡಿದರು. ಎರಡನೇ ಸಲ, ಎಲ್ಲರಿಗಿಂತ ಹಿರಿಯರಾದ ದೊಡ್ಡ ಕ್ಯಾಪ್ಟನ್ ತಮ್ಮ ಟ್ಯಾಬ್ಲೆಟ್ಟನ್ನು ಅವಳ ಮೇಜಿನ ಮೇಲಿಟ್ಟು, "ತಂಗೀ, ನೀನೇ ಒಂದು ಸಲ ಒತ್ತಿಬಿಡಮ್ಮ, ನನಗೆ ಇದೆಲ್ಲ ತಲೆಗೆ ಹತ್ತಲ್ಲ" ಎಂದು ಬೀಗದ ಸಂಖ್ಯೆಯನ್ನೂ ಗಟ್ಟಿಯಾಗಿಯೇ ಹೇಳಿದರು. ಅವಳು ಒತ್ತಿದಳು. ಬೆನ್ನು ಹತ್ತಿ ಬೇಡುವುದಕ್ಕಿಂತ ಒತ್ತುವುದೇ ಸಲೀಸು ಅನ್ನಿಸಿತು. ಅದನ್ನು ನೋಡಿ ಇನ್ನಿಬ್ಬರು ತಂದಿಟ್ಟರು. ಆಮೇಲೆ ಐದು ಜನ. ವರ್ಷ ತುಂಬುವಷ್ಟರಲ್ಲಿ ನಲವತ್ತೆರಡು ಪೈಲಟ್‌ಗಳ ನಲವತ್ತೆರಡು ಬೀಗದ ಸಂಖ್ಯೆಗಳು ಅವಳ ತಲೆಯಲ್ಲಿದ್ದವು. ಒಬ್ಬನದು ಕಾರಿನ ನಂಬರು. ಒಬ್ಬ ಸೋಮಾರಿಯದು ಬರೀ ನಾಲ್ಕು ಸಲ ಒಂದು. ಇನ್ನೊಬ್ಬನದು ಬಿಟ್ಟುಹೋದ ಹೆಂಡತಿಯ ಹುಟ್ಟಿದ ದಿನ. ಆರು ವರ್ಷವಾದರೂ ಅವನು ಅದನ್ನು ಬದಲಾಯಿಸಿರಲಿಲ್ಲ, ಇವಳೂ ಕೇಳಿರಲಿಲ್ಲ.

ಗೋಡೆಗೆ ಮರದ ಗೂಡುಗಳು. ಹಾರಾಟ ಮುಗಿಸಿ ಬಂದವರು ಟ್ಯಾಬ್ಲೆಟ್ಟನ್ನು ಗೂಡಿಗೆ ತುರುಕಿ ಮನೆಗೆ ಹೋಗುವುದು, ಇವಳು ನಾಲ್ಕು ನಾಲ್ಕಾಗಿ ತೆಗೆದು ಒತ್ತುವುದು. ಒಟ್ಟಿಗೆ ಐದಿಟ್ಟರೆ ಕಚೇರಿಯ ವೈಫೈ ಏದುಸಿರು ಬಿಡುತ್ತಿತ್ತು. ಹಸಿರು ಗುರುತು ಬಂದರೆ ಸಾಲದು, ಹದಿನಾಲ್ಕು ನಿಲ್ದಾಣಗಳನ್ನೂ ತೆರೆದು ನೋಡಬೇಕು. ಹೊಸ ನಕ್ಷೆ ಸಿಗುವುದು ಒಂದು ವಾರ ಮುಂಚೆ. ಕೊನೆಯ ಪೈಲಟ್ ಊರು ಸುತ್ತಿ ಬರುವುದು ಬುಧವಾರ ಸಂಜೆ. ಸಹಿಯ ಹಾಳೆಗಳಿಗೂ ಪೈಲಟ್‌ಗಳು ವರ್ಷಕ್ಕಾಗುವಷ್ಟು ಮುಂಗಡವಾಗಿಯೇ ಸಹಿ ಗೀಚಿಟ್ಟಿದ್ದರು. ಇದೆಲ್ಲ ನಿಯಮಕ್ಕೆ ವಿರುದ್ಧ ಎಂಬುದು ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರು ಆ ಕೋಣೆಗೆ ಬರುವ ಮೊದಲು ಬಾಗಿಲಲ್ಲೇ ಜೋರಾಗಿ ಕೆಮ್ಮುತ್ತಿದ್ದರು, ತಮ್ಮ ಕಣ್ಣಿಗೆ ಏನೂ ಬೀಳದಿರಲಿ ಎಂದು.

ದೊಡ್ಡ ಕ್ಯಾಪ್ಟನ್ನರ ಟ್ಯಾಬ್ಲೆಟ್ಟಿನದೇ ಒಂದು ಪುರಾಣ. ಅದರಲ್ಲಿ ಸದಾ ಜಾಗವಿಲ್ಲ. ತುಂಬ ಅವರ ಮೊಮ್ಮಗಳ ವಿಡಿಯೋ. ಮೊಮ್ಮಗಳು ಮಗುಚಿಕೊಂಡದ್ದು, ಅಂಬೆಗಾಲಿಟ್ಟದ್ದು, ಚಮಚ ಎಸೆದದ್ದು. ನಕ್ಷೆಯಮ್ಮ ಪ್ರತಿ ಸಲ ಅವನ್ನೆಲ್ಲ ಕಚೇರಿಯ ಕಂಪ್ಯೂಟರಿಗೆ ಸಾಗಿಸಿ, ನಕ್ಷೆ ಇಳಿಸಿ, ಹೊಸದು ಪೂರ್ತಿ ಇಳಿಯದೆ ಅಳಿಸಲು ಬಾರದ ಹಳೆಯ ನಕ್ಷೆ ತೆಗೆದು, ವಿಡಿಯೋಗಳನ್ನು ಮತ್ತೆ ಒಂದೂ ಬಿಡದಂತೆ ವಾಪಸು ತುಂಬಿ, ಕಂಪ್ಯೂಟರಿನಿಂದ ಅಳಿಸುತ್ತಿದ್ದಳು. ಒಂದೂವರೆ ಗಂಟೆಯ ಕೆಲಸ. ಆ ಮಗುವಿನ ಹಲ್ಲು ಯಾವಾಗ ಬಂತು ಎಂದು ಕೇಳಿದರೆ ಅದರ ತಾಯಿಗಿಂತ ಮೊದಲು ಇವಳೇ ಹೇಳಿಯಾಳು.

ಹೀಗಿರುವಾಗ ಮಗಳ ಫೋನು ಬಂತು. ಮಗಳು ಬಸ್ಸಿನಲ್ಲಿ ಐದು ಗಂಟೆ ದೂರದ ಊರಿನಲ್ಲಿ ಗ್ರಂಥಾಲಯದ ಕೆಲಸದಲ್ಲಿದ್ದಳು, ತುಂಬು ಗರ್ಭಿಣಿ. ಅಳಿಯನಿಗೆ ಹಡಗಿನ ಅಡುಗೆಮನೆಯಲ್ಲಿ ಕೆಲಸ, ಅವನು ದಡಕ್ಕೆ ಬರಲು ಇನ್ನೂ ಎರಡು ತಿಂಗಳು. ಹೋದ ವರ್ಷ ಒಂದು ಸಲ ಬಸಿರು ನಿಲ್ಲದೆ ಹೋಗಿತ್ತು. ಆಗ ನಕ್ಷೆಯಮ್ಮ ಮಗಳ ಬಳಿ ತಲುಪಿದ್ದು ಮೂರು ದಿನ ತಡವಾಗಿ, ಶುಕ್ರವಾರ.

"ಅಮ್ಮಾ, ಡಾಕ್ಟರು ತಾರೀಖು ಹೇಳಿದ್ರು."

"ಹೇಳು ಪುಟ್ಟಿ, ಯಾವತ್ತು?"

"ಗುರುವಾರ."

"ಯಾವ ಗುರುವಾರ?"

"ಅದೇನಮ್ಮ. ನಿನ್ನ ಗುರುವಾರ."

ನಕ್ಷೆಯಮ್ಮ ಗೋಡೆಯ ಕ್ಯಾಲೆಂಡರು ನೋಡಿದಳು. ಮೂರು ವಾರದಾಚೆಗಿನ ಆ ಗುರುವಾರದ ಸುತ್ತ ಅವಳೇ ಬರೆದ ಕೆಂಪು ವೃತ್ತವಿತ್ತು.

"ಬರ್ತೀನಿ ಪುಟ್ಟಿ, ಈ ಸಲ ಏನಾದ್ರೂ..."

"ಬರ್ತೀನಿ ಅಂತ ಹೇಳಬೇಡಮ್ಮ" ಎಂದಳು ಮಗಳು, ಸಿಟ್ಟಿಲ್ಲದೆ. "ಹೇಳಿ ಬರದೆ ಇದ್ರೆ ಜಾಸ್ತಿ ಬೇಜಾರಾಗುತ್ತೆ. ಹೇಳದೇ ಇದ್ರೆ, ಅಮ್ಮ ಬರಲ್ಲ ಅಂತ ನಾನು ಗಟ್ಟಿಯಾಗಿರ್ತೀನಿ. ಪಕ್ಕದ ಮನೆ ಅಕ್ಕ ಇದ್ದಾರೆ."

ಪಕ್ಕದ ಮನೆಯ ಅಕ್ಕ! ಆ ಮಾತು ನಕ್ಷೆಯಮ್ಮನಿಗೆ ಎಲ್ಲಿ ತಾಕಬೇಕೋ ಅಲ್ಲಿ ತಾಕಿತು. ಮಾರನೆಯ ದಿನವೇ ರಜೆಯ ಅರ್ಜಿ ಹಿಡಿದು ಮ್ಯಾನೇಜರ ಮುಂದೆ ನಿಂತಳು.

ಮ್ಯಾನೇಜರು ಕೆಟ್ಟ ಮನುಷ್ಯರೇನಲ್ಲ. ಅರ್ಜಿಯನ್ನು ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿದರು.

"ಮೇಡಂ, ಬುಧವಾರ, ಗುರುವಾರ ಬಿಟ್ಟು ಯಾವತ್ತು ಬೇಕಾದ್ರೂ ಹೋಗಿ. ತಿಂಗಳು ಬೇಕಾದ್ರೂ ತಗೊಳ್ಳಿ."

"ಮಗು ಹುಟ್ಟೋದು ಗುರುವಾರ ಸರ್."

"ಒಂದೆರಡು ದಿನ ಹಿಂದೆ ಮುಂದೆ ಆಗುತ್ತಲ್ವಾ ಮೇಡಂ?"

"ಆಗಬಹುದು, ಆಗದೆಯೂ ಇರಬಹುದು. ಕಾಗದದ ಪ್ರಕಾರ ನನ್ನ ಕೆಲಸ ಏನು ಸರ್? ಹಾಳೆ ಜೋಡಿಸೋದು. ಎರಡು ದಿನ ಯಾರನ್ನಾದ್ರೂ ಕೂರಿಸಿ."

"ಕಾಗದದ ಪ್ರಕಾರ ನೀವು ಈಗಲೇ ಹೊರಟುಬಿಡಬಹುದು. ಯಾವ ಅಡ್ಡಿನೂ ಇಲ್ಲ."

"ಹಾಗಾದ್ರೆ ಸಹಿ ಮಾಡಿ."

"ಹೇಗೆ ಮಾಡ್ಲಿ ಮೇಡಂ!" ಅವರ ದನಿ ಅಳುವಂತಾಯಿತು. "ನೀವಿಲ್ದೆ ಗುರುವಾರ ಒಂದು ವಿಮಾನ ಎದ್ದೇಳುತ್ತಾ? ಬೇಕಿದ್ರೆ ಬೇರೆ ಯಾರಿಗಾದ್ರೂ ನಿಮ್ಮ ಕೆಲಸ ಹೇಳ್ಕೊಡಿ."

"ಏನಂತ ಹೇಳ್ಕೊಡ್ಲಿ? ನಲವತ್ತೆರಡು ಜನರ ಬೀಗದ ಸಂಖ್ಯೆನಾ?"

"ಶ್! ಮೆಲ್ಲಗೆ!" ಮ್ಯಾನೇಜರು ಎದ್ದು ಹೋಗಿ ಬಾಗಿಲು ಮುಚ್ಚಿದರು. "ಆ ವಿಷಯ ನನಗೆ ಗೊತ್ತೇ ಇಲ್ಲ. ನೀವು ಹೇಳೂ ಇಲ್ಲ, ನಾನು ಕೇಳೂ ಇಲ್ಲ."

ಹೊರಗೆ ಬಂದು ತನ್ನ ಕುರ್ಚಿಯಲ್ಲಿ ಕೂತಾಗ ನಕ್ಷೆಯಮ್ಮನಿಗೆ ತನ್ನ ಪರಿಸ್ಥಿತಿ ಸ್ಪಷ್ಟವಾಗಿ ಕಂಡಿತು. ಅವಳು ಮಾಡುವ ಕೆಲಸವನ್ನು ಯಾರೂ ಅವಳಿಗೆ ಕೊಟ್ಟಿರಲಿಲ್ಲ. ಕೊಡದ ಕೆಲಸವನ್ನು ಯಾರಿಗೂ ವಹಿಸಿಕೊಡುವಂತಿಲ್ಲ. ಇಲ್ಲದ ಕೆಲಸಕ್ಕೆ ರಜೆ ಹಾಕುವಂತಿಲ್ಲ. ಮಾಡುತ್ತಿದ್ದೇನೆ ಎಂದರೆ ತಪ್ಪಿತಸ್ಥೆ, ಮಾಡುವುದಿಲ್ಲ ಎಂದರೆ ಜನ ತುಂಬಿದ ವಿಮಾನಗಳು ನಿಂತಲ್ಲೇ ನಿಲ್ಲುತ್ತವೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದಳು. ಅದನ್ನು ಎಂಟು ವರ್ಷ ಕೂತು ಮಸೆದವಳೂ ಅವಳೇ. ನಾಲ್ಕು ಗೋಡೆಯ ಆ ಕೋಣೆಗೆ ಒಂದೇ ಕಿಟಕಿ, ಅದೂ ಕಾರ್ ನಿಲ್ಲಿಸುವ ಜಾಗದ ಕಡೆಗೆ. ವಿಮಾನ ಏಳುವ ಸದ್ದು ಕೇಳುತ್ತಿತ್ತು, ಏಳುವುದು ಕಾಣುತ್ತಿರಲಿಲ್ಲ.

ಆಮೇಲಿನ ಐದಾರು ದಿನ ಅವಳು ಮಾಡದ ಲೆಕ್ಕಾಚಾರವಿಲ್ಲ. ಗಂಡ ಗುಂಡಿ ಹೊಲಿಯುತ್ತ, "ಎಲ್ಲಾನೂ ಮೊದಲೇ ಒತ್ತಿಟ್ಟು ಹೊರಟುಬಿಡು" ಎಂದ. ಟ್ಯಾಬ್ಲೆಟ್ ಕೈಯಲ್ಲಿದ್ದರೆ ತಾನೇ ಒತ್ತುವುದು? ಅವು ಪೈಲಟ್‌ಗಳ ಜೊತೆ ಊರೂರು ಸುತ್ತುತ್ತಿರುತ್ತವೆ. "ಹುಷಾರಿಲ್ಲ ಅಂತ ಮಲಗಿಬಿಡು" ಎಂದ. ನಾಲ್ಕು ವರ್ಷದ ಹಿಂದೆ ನಿಜವಾಗಿಯೂ ಜ್ವರದಲ್ಲಿ ಮಲಗಿದ್ದಾಗ ಕಚೇರಿಯ ಜೀಪು ಟ್ಯಾಬ್ಲೆಟ್‌ಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಮನೆ ಬಾಗಿಲಿಗೇ ಬಂದಿತ್ತು. ಅದನ್ನು ನೆನೆದು ಗಂಡ ಮತ್ತೊಂದು ಗುಂಡಿ ಕೈಗೆತ್ತಿಕೊಂಡ.

ಒಂದು ಭಾನುವಾರ ಬೆಳಿಗ್ಗೆ ಮಗಳು ಒಂದು ಚಿತ್ರ ಕಳಿಸಿದಳು. ಆಸ್ಪತ್ರೆಯಲ್ಲಿ ತೆಗೆದ ಸ್ಕ್ಯಾನು. ನಕ್ಷೆಯಮ್ಮ ಕೈ ಒರೆಸಿಕೊಂಡು ಫೋನು ಹಿಡಿದು ಬೀಗದ ಸಂಖ್ಯೆ ಒತ್ತಿದಳು. ತೆರೆಯಲಿಲ್ಲ. ಮತ್ತೆ ಒತ್ತಿದಳು. ತೆರೆಯಲಿಲ್ಲ. ಮೂರನೆಯ ಸಲಕ್ಕೆ ತಾನು ಒತ್ತುತ್ತಿರುವುದು ದೊಡ್ಡ ಕ್ಯಾಪ್ಟನ್ನರ ಸಂಖ್ಯೆ ಎಂದು ಹೊಳೆಯಿತು. ಗಾಬರಿಯಲ್ಲಿ ಇನ್ನೊಂದು ಒತ್ತಿದಳು, ಅದು ಆ ಸೋಮಾರಿಯ ನಾಲ್ಕು ಒಂದು. ಅದರ ಹಿಂದೆ ಯಾರದೋ ಕಾರಿನ ನಂಬರು. ನಲವತ್ತೆರಡೂ ನಾಮುಂದು ತಾಮುಂದು ಎಂದು ನುಗ್ಗಿ ಬರುತ್ತಿದ್ದವು, ತನ್ನದೊಂದು ಮಾತ್ರ ಬರಲೊಲ್ಲದು. ಆರನೆಯ ತಪ್ಪಿಗೆ ಫೋನು, ಐದು ನಿಮಿಷ ಬಿಟ್ಟು ಪ್ರಯತ್ನಿಸಿ ಎಂದು ಬಾಗಿಲು ಹಾಕಿಕೊಂಡಿತು.

"ರೀ, ನನ್ನ ಫೋನಿನ ನಂಬರೇ ಮರೆತುಹೋಯ್ತು ರೀ" ಎನ್ನುವಾಗ ಅವಳಿಗೆ ಅಳು ಬಂತು. ಮೊಮ್ಮಗುವಿನ ಮುಖ ಆ ಗಾಜಿನ ಹಿಂದಿದೆ, ತನ್ನ ಕೈಯಲ್ಲೇ ಇದೆ, ನೋಡಲಾಗುತ್ತಿಲ್ಲ.

"ಅಯ್ಯೋ, ಐದು ನಿಮಿಷ ತಾನೇ? ಸುಮ್ನೆ ಕೂತ್ಕೋ. ಬೀಗ ಬಿದ್ದ ಮೇಲೆ ಒಡೆಯ ಆದ್ರೇನು, ಕಳ್ಳ ಆದ್ರೇನು, ಯಾರೂ ಏನೂ ಮಾಡೋಕಾಗಲ್ಲ" ಎಂದು ಗಂಡ ದಾರ ಕಚ್ಚಿ ತುಂಡರಿಸಿದ.

ಆ ಐದು ನಿಮಿಷ ನಕ್ಷೆಯಮ್ಮ ಕೈಕಟ್ಟಿ ಕೂತಳು. ಕೈಕಟ್ಟಿ ಕೂತು ಎಷ್ಟು ವರ್ಷವಾಗಿತ್ತೋ. ಬೀಗ ಬಿದ್ದ ಮೇಲೆ ಯಾರೂ ಏನೂ ಮಾಡಲಾಗದು. ಮಾಡಲಾಗದವಳನ್ನು ಯಾರು ತಾನೇ ಹಿಡಿದಿಟ್ಟುಕೊಂಡಾರು? ಫೋನು ತೆರೆದುಕೊಳ್ಳುವ ಹೊತ್ತಿಗೆ ಅವಳಿಗೆ ತನ್ನ ಸಂಖ್ಯೆಯೂ ನೆನಪಾಗಿತ್ತು, ಮುಂದೇನು ಮಾಡಬೇಕೆಂಬುದೂ ಗೊತ್ತಾಗಿತ್ತು. ಚಿತ್ರದಲ್ಲಿ ಮಗು ಮುಷ್ಟಿ ಬಿಗಿಹಿಡಿದು ಮಲಗಿತ್ತು.

ತಿಂಗಳಿಗೊಮ್ಮೆ ಪೈಲಟ್‌ಗಳ ಸುರಕ್ಷತಾ ಸಭೆ ನಡೆಯುತ್ತಿತ್ತು. ಅದು ಬಂದದ್ದು ಮಂಗಳವಾರ, ಹೆರಿಗೆಯ ತಾರೀಖಿಗೆ ಒಂಬತ್ತು ದಿನ ಮುಂಚೆ. ಮೂವತ್ತೊಂದು ಜನ ತಮ್ಮ ತಮ್ಮ ಟ್ಯಾಬ್ಲೆಟ್ ಹಿಡಿದು ಸೇರಿದ್ದರು. ಮ್ಯಾನೇಜರು ಎಂದಿನಂತೆ ಮಾತಾಡಿ, "ಮತ್ತೇನಾದ್ರೂ ಇದೆಯಾ?" ಎಂದು ಯಾರೂ ಏನೂ ಹೇಳಬಾರದೆಂಬ ದನಿಯಲ್ಲಿ ಕೇಳಿದರು. ಹಿಂದಿನ ಸಾಲಿನಿಂದ ನಕ್ಷೆಯಮ್ಮ ಎದ್ದು ನಿಂತಳು.

"ನನ್ನದೊಂದಿದೆ ಸರ್. ಇಲ್ಲಿರೋ ಎಲ್ಲರ ಟ್ಯಾಬ್ಲೆಟ್ ಬೀಗದ ಸಂಖ್ಯೆಯೂ ನನಗೆ ಗೊತ್ತು. ಎಂಟು ವರ್ಷದಿಂದ ನಿಮ್ಮೆಲ್ಲರ ನಕ್ಷೆ ಇಳಿಸ್ತಿರೋದು ನಾನು, ಪರಿಶೀಲಿಸಿದ್ದೀವಿ ಅಂತ ಸಹಿ ಹಾಕಿರೋದು ನೀವು. ತಪ್ಪು ನಿಮ್ಮದೂ ಹೌದು, ನನ್ನದೂ ಹೌದು. ಈಗ ಎಲ್ಲರೂ ಸಂಖ್ಯೆ ಬದಲಾಯಿಸಿ. ಹೊಸದನ್ನ ನನಗೆ ಹೇಳಬೇಡಿ. ನಾನು ಆ ಕಡೆ ತಿರುಗಿ ನಿಲ್ತೀನಿ."

ಹೇಳಿದವಳೇ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು. ಗೋಡೆಯ ಸುಣ್ಣದಲ್ಲಿ ಒಂದು ಸಣ್ಣ ಬಿರುಕಿತ್ತು, ಅದನ್ನೇ ನೋಡುತ್ತಿದ್ದಳು. ಬೆನ್ನ ಹಿಂದೆ ಕುರ್ಚಿಗಳು ಸರಿದವು. ಯಾರೋ ಕಿಸಕ್ಕೆಂದರು. ಯಾರೋ ಗದರಿದರು. ಆಮೇಲೆ ಒಂದು ಕಡೆಯಿಂದ ಟಕಟಕ ಸದ್ದು ಶುರುವಾಯಿತು, ಇನ್ನೊಂದು ಕಡೆಯಿಂದಲೂ ಬಂತು. ಹೆದರಿಕೆಯಾಗಿತ್ತು, ನಾಚಿಕೆಯಾಗಿತ್ತು. ಒಂದೊಂದು ಟಕಟಕಕ್ಕೂ ತನ್ನದೇನೋ ಕಳಚಿ ಬೀಳುತ್ತಿರುವಂತೆ ಸಂಕಟವೂ ಆಗುತ್ತಿತ್ತು. ನಿಜ ಹೇಳಬೇಕೆಂದರೆ, ಆ ನಲವತ್ತೆರಡು ಸಂಖ್ಯೆಗಳು ಅವಳಿಗೆ ಹೆಮ್ಮೆಯಾಗಿದ್ದವು. ತಾನಿಲ್ಲದೆ ವಿಮಾನ ಏಳದು ಎಂಬ ಮಾತನ್ನು ಅವಳು ಬೈಗುಳದ ಹಾಗೆ ಹೇಳಿಕೊಂಡರೂ ಬಿರುದಿನ ಹಾಗೆ ಹೊತ್ತುಕೊಂಡಿದ್ದಳು.

ಸಭೆ ಮುಗಿದಾಗ ದೊಡ್ಡ ಕ್ಯಾಪ್ಟನ್ ಹತ್ತಿರ ಬಂದರು. "ನಾನು ಬದಲಾಯಿಸಲಿಲ್ಲ ತಂಗಿ. ಹೊಸದು ನೆನಪಿರಲ್ಲ. ನಿನ್ನ ಹತ್ರ ನನಗೇನು ಗುಟ್ಟು?"

"ಬದಲಾಯಿಸಿ ಸರ್, ದಯವಿಟ್ಟು. ಮತ್ತೆ ಮೊಮ್ಮಗಳ ವಿಡಿಯೋ ಎಲ್ಲ ಬೇರೆ ಕಡೆ ಇಟ್ಕೊಂಡು ಜಾಗ ಮಾಡ್ಕೊಳ್ಳಿ. ಆ ಗುರುವಾರ ನಾನಿರಲ್ಲ."

"ಆಯ್ತು ಆಯ್ತು, ನೋಡೋಣ" ಎಂದು ಅವರು ಅವಳ ತಲೆಯ ಮೇಲೊಂದು ಕೈಯಿಟ್ಟು ಹೋದರು.

ಮ್ಯಾನೇಜರ ಮುಖ ಸುಟ್ಟ ಬದನೆಕಾಯಿಯಾಗಿತ್ತು. "ಏನು ಮಾಡಿಬಿಟ್ರಿ ಮೇಡಂ! ಮೂವತ್ತೊಂದು ಜನರ ಮುಂದೆ ಹೇಳಿದ್ದನ್ನ ನಾನು ಕೇಳಿಲ್ಲ ಅನ್ನೋಕಾಗುತ್ತಾ? ಮೇಲಕ್ಕೆ ಬರೆಯಲೇಬೇಕು. ವಿಚಾರಣೆ ಆಗುತ್ತೆ. ನಿಮ್ಮ ಕೆಲಸಕ್ಕೇ ಕುತ್ತು ಬರಬಹುದು."

"ಬರೀರಿ ಸರ್. ಅದಕ್ಕೆ ಮೊದಲು ಇದಕ್ಕೆ ಸಹಿ ಮಾಡಿ. ಈಗ ನಾನಿದ್ದೂ ಪ್ರಯೋಜನ ಇಲ್ಲ."

ಅರ್ಜಿ ಅದೇ, ಮೇಜು ಅದೇ. ಬೇಡ ಅನ್ನಲು ಈ ಸಲ ಅವರ ಬಳಿ ಕಾರಣವಿರಲಿಲ್ಲ. ಸಹಿ ಮಾಡಿ, ವಿಚಾರಣೆ ಆ ಗುರುವಾರ ಕಳೆದ ಮೇಲಿನ ಸೋಮವಾರ ಇರಬಹುದು ಎಂದರು.

ಹೊಸ ನಕ್ಷೆಗಳು ಬಂದ ಮೇಲೆ ಪೈಲಟ್‌ಗಳು ಒಬ್ಬೊಬ್ಬರಾಗಿ ಅವಳ ಮೇಜಿನ ಮುಂದೆ ಕೂತು ತಾವೇ ಒತ್ತಿದರು. ಸಭೆಗೆ ಬಾರದಿದ್ದವರು ಅಲ್ಲೇ ಸಂಖ್ಯೆ ಬದಲಾಯಿಸಿದರು. ಅವಳು ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಬಾಯಲ್ಲಷ್ಟೇ ಹೇಳಿದಳು. ಕಲಿಯಲು ಒಬ್ಬೊಬ್ಬರಿಗೆ ಹತ್ತು ನಿಮಿಷ ಸಾಕಾಯಿತು. ಹತ್ತು ನಿಮಿಷ! ಅದನ್ನು ಹೇಳಿಕೊಡದೆ ಎಂಟು ವರ್ಷ ಕಳೆದಿದ್ದಳು. ಬುಧವಾರ ಮಧ್ಯಾಹ್ನ ಅವಳೂ ಗಂಡನೂ ಬಸ್ಸು ಹತ್ತುವಾಗ ನಲವತ್ತೊಂದು ಹಾಳೆಗಳಿಗೆ ನಿಜವಾದ ಸಹಿ ಬಿದ್ದಿತ್ತು. ದೊಡ್ಡ ಕ್ಯಾಪ್ಟನ್ ಮಾತ್ರ ಹೊರಗಿದ್ದರು, ಅವರ ವಿಮಾನ ಬರುವುದು ಸಂಜೆ. ಅವಳು ಅವರಿಗೆ ಎರಡು ಸಲ ಫೋನು ಮಾಡಿದಳು, ಸಿಗಲಿಲ್ಲ. ಸಂದೇಶ ಕಳಿಸಿದಳು. ಸಂದೇಶ ಓದುವ ಪೈಕಿ ಅವರಲ್ಲ ಎಂದು ಅವಳಿಗೂ ಗೊತ್ತಿತ್ತು. ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು, ಜೀವ ಗೂಡಿನ ಹತ್ತಿರವಿತ್ತು.

"ಹತ್ತೇ ಮಾರಾಯ್ತಿ, ಹಿಂದೆ ಜನ ನಿಂತಿದ್ದಾರೆ" ಎಂದು ಗಂಡ ಬೆನ್ನು ತಳ್ಳಿದ.

ಗುರುವಾರ ಬೆಳಿಗ್ಗೆ ಏಳಕ್ಕೆ ಮಗಳಿಗೆ ನೋವು ಶುರುವಾಯಿತು. ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು. ಹೊರಗಿನ ಓಣಿಯಲ್ಲಿ ಒಂದಕ್ಕೊಂದು ಜೋಡಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯಲ್ಲೊಂದು ಗಡಿಯಾರ, ತೆರೆದು ಮುಚ್ಚುವಾಗ ಕಿರುಗುಟ್ಟುವ ಬಾಗಿಲು. ನಕ್ಷೆಯಮ್ಮ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. ಮೊದಲ ವಿಮಾನ ಎದ್ದಿರಬೇಕು. ಎರಡನೆಯದೂ ಎದ್ದಿರಬೇಕು. ಫೋನು ಸುಮ್ಮನಿತ್ತು. ಐದು ಗಂಟೆ ದೂರ ಬಂದರೂ ಅವಳು ಆ ಕೋಣೆಯಿಂದ ಹೊರಗೆ ಬಂದಿರಲಿಲ್ಲ.

"ಆ ಬಾಗಿಲು ನೋಡು, ಫೋನು ನೋಡಬೇಡ" ಎಂದ ಗಂಡ.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಫೋನು ಹೊಡೆದುಕೊಂಡಿತು.

"ತಂಗೀ, ನಾನು." ದೊಡ್ಡ ಕ್ಯಾಪ್ಟನ್ನರ ದನಿ ತಗ್ಗಿತ್ತು. "ಕಾಕ್‌ಪಿಟ್‌ನಲ್ಲಿದ್ದೀನಿ. ಜನ ಎಲ್ಲ ಹತ್ತಿ ಕೂತಿದ್ದಾರೆ. ನಕ್ಷೆ ತೆಗೆದ್ರೆ ಅವಧಿ ಮುಗಿದಿದೆ ಅಂತ ಕೆಂಪಗೆ ತೋರಿಸ್ತಿದೆ."

"ನಿನ್ನೆ ಇಳಿಸ್ಕೊಳ್ಳಲಿಲ್ವಾ ಸರ್?"

"ಸಂಜೆ ಬಂದು ಗೂಡಲ್ಲಿಟ್ಟೆ, ಬೆಳಿಗ್ಗೆ ತಗೊಂಡೆ. ನೀನು ಮಾಡಿರ್ತೀಯ ಅಂದ್ಕೊಂಡೆ." ಅವರು ಪಕ್ಕದ ಸೀಟಿನ ಪೈಲಟ್‌ಗೆ ಏನೋ ಹೇಳಿ ಮತ್ತೆ ಫೋನಿಗೆ ಬಂದರು. "ನೀನು ಇರಲ್ಲ ಅಂದಿದ್ದೆ. ನನಗೆ ನೀನು ಇಲ್ದೆ ಇರೋದು ಹೇಗೆ ಅಂತಾನೇ ಗೊತ್ತಾಗಲಿಲ್ಲ."

ಈ ಮಾತು ಒಂದು ತಿಂಗಳ ಹಿಂದೆ ಬಂದಿದ್ದರೆ ಅವಳು ಕರಗಿಹೋಗುತ್ತಿದ್ದಳು. ಈಗಲೂ ಕರಗಿದಳು, ಅದೇ ಅವಳ ಸಂಕಟ. ಬಾಗಿಲಿನಾಚೆ ಮಗಳು ಕೂಗಿದ್ದು ಕೇಳಿಸಿತು.

"ಪಕ್ಕದಲ್ಲಿರೋ ಪೈಲಟ್ ಫೋನಿಂದ ಇಂಟರ್‌ನೆಟ್ ತಗೊಳ್ಳಿ ಸರ್. ನಿಮ್ಮ ಊರುಗಳ ಪಟ್ಟಿ ಮುಂದೆ ಬಾಣದ ಗುರುತಿದೆ, ಅದನ್ನ ಒತ್ತಿ."

"ಒತ್ತಿದೆ. ಜಾಗ ಸಾಲದು ಅಂತಿದೆ ತಂಗಿ."

"ವಿಡಿಯೋ ಅಳಿಸಬೇಕು."

"ಎಲ್ಲಿಗಾದ್ರೂ ಸಾಗಿಸ್ತಿದ್ಯಲ್ಲ, ಹಾಗೆ?"

"ಅದಕ್ಕೆ ಒಂದು ಗಂಟೆ ಬೇಕು ಸರ್. ನಿಮ್ಮ ಹತ್ರ ಇಲ್ಲ."

ಆಮೇಲೆ ಆ ಮುದುಕ, ಮೂವತ್ತು ವರ್ಷ ಗುಡುಗು ಸಿಡಿಲಿನ ನಡುವೆ ವಿಮಾನ ಇಳಿಸಿದ ಮನುಷ್ಯ, ಚಿಕ್ಕ ಮಗುವಿನಂತೆ ಕೇಳಿದರು. "ಯಾವುದನ್ನ ಅಳಿಸಲಿ? ನೀನೇ ಹೇಳು. ಎಲ್ಲಾನೂ ನೋಡಿರೋಳು ನೀನೇ ಅಲ್ವಾ?"

ಅವಳು ಎಲ್ಲವನ್ನೂ ನೋಡಿದ್ದಳು. ಯಾವುದು ದೊಡ್ಡದು, ಯಾವುದು ಮಸುಕು, ಯಾವುದು ಎರಡೆರಡು ಸಲ ಇದೆ ಎಂದು ಬೆರಳ ತುದಿಯಲ್ಲಿತ್ತು. ಹೇಳಲು ಬಾಯಿ ತೆರೆದಳು. ಸೇನಾಪತಿಯ ಪೇಟ ಸುತ್ತಿಕೊಂಡ ಏಳು ವರ್ಷದ ಹುಡುಗಿಯ ನೆನಪಾಯಿತು. ತಾನು ನೋಡದ ಆ ವೇಷದ ಒಂದು ಚಿತ್ರವೂ ಅವಳ ಬಳಿ ಇರಲಿಲ್ಲ.

"ಅದನ್ನ ನಾನು ಹೇಳೋಕಾಗಲ್ಲ ಸರ್" ಎಂದಳು. "ಹತ್ತೊಂಬತ್ತು ವರ್ಷ ನನ್ನ ಮಗಳದ್ದನ್ನ ಒಂದೊಂದಾಗಿ ಅಳಿಸಿ ನಿಮ್ಮ ನಕ್ಷೆಗೆ ಜಾಗ ಮಾಡ್ಕೊಟ್ಟೆ. ಯಾವುದನ್ನ ಅಳಿಸಲಿ ಅಂತ ನಾನು ಯಾರನ್ನೂ ಕೇಳಲಿಲ್ಲ. ಇವತ್ತು ನಿಮ್ಮದನ್ನ ನೀವೇ ಆರಿಸ್ಕೊಳ್ಳಿ."

"ಆಯ್ತಮ್ಮ" ಎಂದರು ಕ್ಯಾಪ್ಟನ್. ಒಂದೊಂದನ್ನೇ ಆರಿಸಿ ಒತ್ತುವ ಸದ್ದು ಕೇಳಿಸಿತು. ಕೊನೆಗೆ, "ಅಳಿಸಿದೆ. ಇಳೀತಾ ಇದೆ. ಹದಿನೈದು ನಿಮಿಷ ಅಂತಿದೆ. ಆಗೋವರೆಗೂ ಫೋನ್ ಇಡಬೇಡ ತಂಗಿ, ಜೊತೆಗಿರು."

ಆಗಲೇ ಬಾಗಿಲು ಕಿರುಗುಟ್ಟಿತು. ನರ್ಸು ತಲೆ ಹೊರಗೆ ಹಾಕಿ, "ತಾಯಿ ಯಾರು? ಒಬ್ಬರು ಒಳಗೆ ಬರಬಹುದು. ಬೇಗ ಬನ್ನಿ" ಎಂದಳು.

ನಕ್ಷೆಯಮ್ಮ ಫೋನು ನೋಡಿದಳು, ಬಾಗಿಲು ನೋಡಿದಳು. ಫೋನನ್ನು ಗಂಡನ ಕೈಗೆ ತುರುಕಿದಳು. "ಹಸಿರು ಗುರುತು ಬಂದ ಮೇಲೆ ಹದಿನಾಲ್ಕೂ ಊರು ತೆರೆದು ತಾರೀಖು ನೋಡೋಕೆ ಹೇಳಿ. ಅಷ್ಟೇ."

"ಅಯ್ಯೋ, ನನಗೇನೇ ಗೊತ್ತು ವಿಮಾನದ ವಿಷಯ!"

ಅವಳು ಆಗಲೇ ಬಾಗಿಲು ದಾಟಿದ್ದಳು. ಹಿಂದಿನಿಂದ ಗಂಡನ ದನಿ ಕೇಳಿಸಿತು. "ನಮಸ್ಕಾರ ಕ್ಯಾಪ್ಟನ್ರೇ. ನಾನು ಅವಳ ಗಂಡ, ದರ್ಜಿ. ಗಾಬರಿ ಮಾಡ್ಕೋಬೇಡಿ, ಜೊತೆಗಿದ್ದೀನಿ."

ಒಳಗೆ ಮಗಳು ಮಂಚದ ಕಂಬಿ ಹಿಡಿದು ಕಣ್ಣು ಮುಚ್ಚಿದ್ದಳು. ಹಣೆಯ ಕೂದಲು ಬೆವರಿಗೆ ಅಂಟಿತ್ತು. ನಕ್ಷೆಯಮ್ಮ ಹೋಗಿ ಕಂಬಿಯಿಂದ ಆ ಕೈ ಬಿಡಿಸಿ ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಸೋಮವಾರದ ವಿಚಾರಣೆಯಲ್ಲಿ ಏನಾಗುತ್ತದೋ ಅವಳಿಗೆ ಗೊತ್ತಿರಲಿಲ್ಲ. ಮಗಳು ಕಣ್ಣು ತೆರೆದು, ನಂಬಿಕೆಯಾಗದೆ, ನೋವಿನ ನಡುವೆ ಉಸಿರು ಹುಡುಕಿಕೊಂಡು ಕೇಳಿದಳು.

"ಅಮ್ಮಾ, ಇವತ್ತು ಗುರುವಾರ ಅಲ್ವಾ?"

"ಹೂಂ ಪುಟ್ಟಿ, ಗುರುವಾರ" ಎಂದಳು ತಾಯಿ.